ಉದ್ಯಾನ ರೈಲುಮಾರ್ಗ (ಮಾದರಿ)

ಉದ್ಯಾನ ರೈಲುಮಾರ್ಗವೆಂದರೆ ಮನೆಯ ಹೊರಗಿನ ತೋಟದಲ್ಲಿ ಮಣ್ಣು, ಕಲ್ಲು ಮತ್ತು ಜೀವಂತ ಸಸ್ಯಗಳ ನಡುವೆ ಹಾಕಿ ಓಡಿಸುವ ಮಾದರಿ ರೈಲುಮಾರ್ಗ. ಜರ್ಮನಿ, ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಈ ಹವ್ಯಾಸವು ಪ್ರಚಲಿತವಾಗಿದೆ. ಕೋಣೆಯೊಳಗಿನ ಮಾದರಿಗಳಿಗಿಂತ ಇಲ್ಲಿನ ಗಾಡಿಗಳು ದೊಡ್ಡವು; ಬಿಸಿಲು ಮಳೆಗಳನ್ನು ತಾಳಬೇಕಾದುದರಿಂದ ಹಳಿಯ ಬೆಲೆಯೂ ಹೆಚ್ಚು. ಅಲ್ಪ ವೆಚ್ಚದಲ್ಲಿ ಆರಂಭಿಸುವವರು ಎಂಜಿನ್ನನ್ನು ಆರಿಸುವ ಮೊದಲೇ ಅದಕ್ಕೆ ಶಕ್ತಿ ಎಲ್ಲಿಂದ ಬರಬೇಕೆಂಬುದನ್ನು ನಿಶ್ಚಯಿಸಬೇಕಾಗುತ್ತದೆ. ಹಳಿಯ ಖರ್ಚು ಅದನ್ನೇ ಅವಲಂಬಿಸಿದೆ.

ಅಳತೆಗಳು

ನ್ಯೂರೆಂಬರ್ಗ್ ನಗರದ ಲೆಹ್ಮನ್ ಸಂಸ್ಥೆಯು 1968ರಲ್ಲಿ ಎಲ್‌ಜಿಬಿ ಎಂಬ ಹೆಸರಿನಿಂದ ಹೊರತಂದ ಗಾಡಿಗಳು ಈ ಹವ್ಯಾಸವನ್ನು ಜನಪ್ರಿಯಗೊಳಿಸಿದವು. ಅವುಗಳ ಹಳಿಗಳ ನಡುವಣ ಅಂತರ 45 ಮಿ.ಮೀ., ಪ್ರಮಾಣ 1:22.5. ಇದು ಮೀಟರ್ ಗೇಜ್ ಮಾರ್ಗದ ಕಿರಿದಾದ ರೂಪ. ಮೈಸೂರು ಸಂಸ್ಥಾನದ ಬಹುಪಾಲು ಮಾರ್ಗಗಳೂ ಮೀಟರ್ ಗೇಜಿನವೇ ಆಗಿದ್ದವು. ಹಳೆಯ ಬೆಂಗಳೂರು–ಮೈಸೂರು ರೈಲಿನ ಮಾದರಿಯನ್ನು ಮಾಡಬಯಸುವವರಿಗೆ ಈ ಹಳಿಯೇ ಸರಿಹೊಂದುತ್ತದೆ. ಬ್ರಿಟನ್ನಿನಲ್ಲಿ 32 ಮಿ.ಮೀ. ಹಳಿ ಮತ್ತು 1:19 ಪ್ರಮಾಣವೂ ಬಳಕೆಯಲ್ಲಿದೆ. ವೇಲ್ಸಿನ ಫೆಸ್ಟಿನಿಯಾಗ್, ನಮ್ಮ ಡಾರ್ಜಿಲಿಂಗ್ ಮುಂತಾದ ಸುಮಾರು ಎರಡಡಿ ಅಂತರದ ಮಾರ್ಗಗಳನ್ನು ಇದು ಪ್ರತಿನಿಧಿಸುತ್ತದೆ.

ಚಾಲಕ ಶಕ್ತಿ

ಹಳಿಯ ಮೂಲಕ ವಿದ್ಯುತ್ ಹರಿಸುವುದು ಹಳೆಯ ಪದ್ಧತಿ. ಇದಕ್ಕೆ ಹಿತ್ತಾಳೆಯ ಹಳಿ ಬೇಕು, ಪ್ರತಿ ಜೋಡಣೆಯಲ್ಲಿಯೂ ವಿದ್ಯುತ್ ಸಂಪರ್ಕ ಕೆಡದಿರಬೇಕು. ಹೊರಾಂಗಣದಲ್ಲಿ ಧೂಳು, ಎಲೆಯ ರಸ, ಬಸವನಹುಳು ಇವೆಲ್ಲವೂ ಸಂಪರ್ಕಕ್ಕೆ ಶತ್ರುಗಳು. ಓಡಿಸುವ ಮುನ್ನ ಹಳಿಯನ್ನು ಉಜ್ಜಿ ಶುಚಿಗೊಳಿಸುವುದು ನಿತ್ಯವ್ರತವೇ ಆಗಿಬಿಡುತ್ತದೆ. ಬ್ಯಾಟರಿಯನ್ನು ಎಂಜಿನ್ನಿನಲ್ಲಿ ಅಥವಾ ಅದರ ಹಿಂದಿನ ಡಬ್ಬಿಯಲ್ಲಿ ಇರಿಸಿದರೆ ಈ ತೊಡಕಿಲ್ಲ. ಆಗ ಹಳಿಯ ಕೆಲಸ ಚಕ್ರವನ್ನು ಹೊರುವುದಷ್ಟೇ. ಅಲ್ಯೂಮಿನಿಯಂ ಹಳಿಯ ಮೇಲೆ ಕಟ್ಟುವ ಆಕ್ಸೈಡ್ ಪದರವು ವಿದ್ಯುತ್ತನ್ನು ತಡೆಯುತ್ತದೆಯಾದರೂ ಬ್ಯಾಟರಿ ಗಾಡಿಗೆ ಅದರಿಂದ ಬಾಧಕವಿಲ್ಲ. ಮಸುಕಾದ ಹಳೆಯ ಹಳಿಯೂ ಸಾಕು. ಮಿತವ್ಯಯದ ದೃಷ್ಟಿಯಿಂದ ಇದೇ ಮೇಲು. ಉಗಿ ಎಂಜಿನ್ನುಗಳಿಗೂ ಹಳಿಯಲ್ಲಿ ವಿದ್ಯುತ್ ಬೇಡ, ಆದರೆ ಅವು ದುಬಾರಿ.

ಹಳಿಯಲ್ಲಿ ವಿದ್ಯುತ್ ಹರಿಸುವವರು ಟ್ರಾನ್ಸ್‌ಫಾರ್ಮರನ್ನು ಮನೆಯೊಳಗೇ ಇರಿಸಿ, ಕಡಿಮೆ ವೋಲ್ಟೇಜಿನ ತಂತಿಯನ್ನು ಮಾತ್ರ ತೋಟಕ್ಕೆ ಒಯ್ಯಬೇಕು. ಇಲ್ಲಿ ಉಳಿತಾಯಕ್ಕೆ ಎಡೆಯಿಲ್ಲ.

ತಳಪಾಯ

ಗಾಡಿ ಹಳಿ ತಪ್ಪಲು ಸಾಮಾನ್ಯ ಕಾರಣ ಮಟ್ಟತಪ್ಪಿದ ನೆಲ. ಸುಮಾರು ಒಂದು ಗೇಣು ಆಳದ ಕಾಲುವೆ ತೋಡಿ, ಕಳೆ ಏಳದಂತೆ ನೀರಿಳಿಯುವ ಬಟ್ಟೆ ಹಾಸಿ, ಜಲ್ಲಿ ತುಂಬಿ ದಮ್ಮಸು ಮಾಡಿದರೆ ಮಳೆನೀರು ನಿಲ್ಲದೆ ಇಳಿದುಹೋಗುತ್ತದೆ. ಮೇಲ್ಪದರಕ್ಕೆ ಮೊನಚು ಅಂಚಿನ ಸಣ್ಣ ಜಲ್ಲಿಯೇ ಆಗಬೇಕು. ಹೊಳೆಯ ದುಂಡು ಕಲ್ಲು ಒಂದನ್ನೊಂದು ಕಚ್ಚಿ ನಿಲ್ಲದೆ ಜಾರುತ್ತದೆ. ಹಳಿಯನ್ನು ನೆಲಕ್ಕೆ ಬಿಗಿಯಾಗಿ ಬಂಧಿಸಬಾರದು. ಹತ್ತು ಮೀಟರ್ ಉದ್ದದ ಹಿತ್ತಾಳೆ ಹಳಿಯು ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಏರಿದಾಗ ಏಳೆಂಟು ಮಿ.ಮೀ. ಹಿಗ್ಗುತ್ತದೆ; ಜೋಡಣೆಗಳಲ್ಲಿ ಅವಕಾಶವಿರದಿದ್ದರೆ ಸೊಟ್ಟಗಾಗುತ್ತದೆ.

ಎಲ್‌ಜಿಬಿಯ ಅತಿ ಕಿರಿಯ ತಿರುವಿನ ತ್ರಿಜ್ಯ 60 ಸೆಂ.ಮೀ.; ಹನ್ನೆರಡು ತುಂಡುಗಳಿಂದ ಪೂರ್ಣ ವೃತ್ತವಾಗುತ್ತದೆ. ಜಾಗವಿದ್ದಲ್ಲಿ ಇದಕ್ಕಿಂತ ವಿಶಾಲವಾದ ತಿರುವು ಉತ್ತಮ, ಏಕೆಂದರೆ ಮುಂದೆ ಕೊಳ್ಳುವ ಉದ್ದ ಬೋಗಿಗಳು ಕಿರಿದಾದ ತಿರುವಿನಲ್ಲಿ ಸಾಗಲಾರವು. ಏರು ನೂರಕ್ಕೆ ಎರಡು ಮೂರನ್ನು ಮೀರದಿರಲಿ. ಆರಂಭಕ್ಕೆ ಕವಲು ಹಳಿಗಳಿಲ್ಲದ ಒಂದು ಸುತ್ತು ಸಾಕು. ಸೇತುವೆ, ನಿಲ್ದಾಣಗಳನ್ನು ಕೈಯಿಂದಲೇ ಮಾಡಿಕೊಳ್ಳಬಹುದು. ಗಿಡಗಳಲ್ಲಿ ಥೈಮಿನಂತಹ ಕಿರಿದೆಲೆಯ ನೆಲಹಬ್ಬು ಸಸ್ಯಗಳು ಗಾಡಿಯ ಪ್ರಮಾಣಕ್ಕೆ ಒಪ್ಪುತ್ತವೆ.