ಕೀಲೆಣ್ಣೆಯ ಕೊಳವೆ

ಎತ್ತಿನ ಬಂಡಿಯ ಅಡಿಯಲ್ಲಿ ತೂಗಾಡುತ್ತಿದ್ದ ಕೀಲೆಣ್ಣೆಯ ಬಿದಿರುಕೊಳವೆಯನ್ನು ಕಂಡವರು ಈಗ ವಿರಳ. ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿ ತುಂಬಿಟ್ಟ ಆ ದ್ರವ್ಯ ತೀರಿತೆಂದರೆ ಅಚ್ಚು ಕಿರುಗುಟ್ಟತೊಡಗಿ, ಊರು ಇನ್ನೂ ದೂರವಿರುವಾಗಲೇ ಬಂಡಿಕಾರನ ಆಗಮನವಾರ್ತೆ ಮನೆಮಂದಿಯನ್ನು ಮುಟ್ಟುತ್ತಿತ್ತು. ಹರಳನ್ನು ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಹೆಂಗಸರು ಸೌಟಿನಿಂದ ತೆಗೆದಿಡುತ್ತಿದ್ದರು. ಅದು ದೀಪಕ್ಕೂ ನೆತ್ತಿಗೂ ಮಕ್ಕಳ ಹೊಟ್ಟೆಗೂ ಸಮನಾಗಿ ಒದಗುತ್ತಿತ್ತು. ಹರಳನ್ನು ಗಾಣಕ್ಕೆ ಹಾಕಿದಾಗ ಉಳಿಯುವ ಹಿಂಡಿಯಲ್ಲಿ ಮಾತ್ರ ವಿಷವಿರುವುದರಿಂದ ಅದು ದನಗಳ ಮುಂದೆ ಬೀಳದೆ ಹೊಲದ ಗೊಬ್ಬರವಾಗುತ್ತಿತ್ತು.

ಈ ಎಣ್ಣೆಯ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ರಿಸಿನೋಲಿಕ್ ಆಮ್ಲ. ಅದರ 18 ಇಂಗಾಲದ ಸರಪಣಿಯಲ್ಲಿ 12ನೆಯ ಕೊಂಡಿಗೆ ಹತ್ತಿದ ಹೈಡ್ರಾಕ್ಸಿಲ್ ಗುಂಪೇ ಹರಳೆಣ್ಣೆಯ ಆ ಮಂದತನಕ್ಕೂ, ಪೆಟ್ರೋಲಿನೊಡನೆ ಸುಲಭವಾಗಿ ಬೆರೆಯದ ಹಟಕ್ಕೂ ಕಾರಣ. ಆದುದರಿಂದಲೇ ಮೊದಲನೆಯ ಮಹಾಯುದ್ಧದ ವಿಮಾನಗಳ ತಿರುಗುವ ಎಂಜಿನುಗಳು ನಮ್ಮ ಬಂಡಿಯ ಅಚ್ಚಿನಂತೆಯೇ ಹರಳೆಣ್ಣೆಯನ್ನು ಬೇಡಿದವು.

ಅಮೆರಿಕದಲ್ಲಿ ರಸಾಯನಜ್ಞ ಕ್ಯಾರದರ್ಸ್ 1935ರಲ್ಲಿ ರಚಿಸಿದ ನೈಲಾನಿಗೆ ಕಲ್ಲಿದ್ದಲಿನ ಸಂತತಿಯಾದ ಬೆಂಜೀನ್ ಮೂಲವಾಗಿದ್ದರೆ, 1940ರ ದಶಕದಲ್ಲಿ ಫ್ರಾನ್ಸಿನ ರಸಾಯನಜ್ಞರು ನೈಲಾನಿಗಾಗಿ ಇದೇ ಹರಳಿನತ್ತ ತಿರುಗಿದರು. ಎಣ್ಣೆಯನ್ನು ಮೆಥನಾಲಿನೊಡನೆ ಸೇರಿಸಿ, ಬಂದುದನ್ನು ಸುಮಾರು 500 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹಾಯಿಸಿದರೆ ಆ ಸರಪಣಿಯು ಹೈಡ್ರಾಕ್ಸಿಲಿನ ನೆರೆಯಲ್ಲಿಯೇ ತುಂಡಾಗಿ, 7 ಇಂಗಾಲದ ಭಾಗವು ಗಂಧದ್ರವ್ಯಗಳ ತಯಾರಕರ ಪಾಲಾಗುತ್ತದೆ. ಉಳಿದ 11 ಇಂಗಾಲದ ತುಣುಕಿಗೆ ಹೈಡ್ರೋಜನ್ ಬ್ರೋಮೈಡನ್ನೂ ಅಮೋನಿಯಾವನ್ನೂ ಉಣಿಸಿ, ಅಮೈನೋ ಆಮ್ಲವಾಗಿಸಿ, ಒಂದಕ್ಕೊಂದನ್ನು ಪೋಣಿಸಿದಾಗ ನೈಲಾನ್ 11 ಸಿದ್ಧಿಸುತ್ತದೆ. ನಾರ್ಮಂಡಿಯ ಸೆರ್ಕಿನ್ಯಿ ಊರಿನ ಪಕ್ಕದಲ್ಲಿ ಹರಿಯುವ ರೀಲ್ ಎಂಬ ಕಿರುನದಿಯಿಂದ ಅದಕ್ಕೆ ರಿಲ್ಸಾನ್ ಎಂಬ ಹೆಸರು ಬಂದಿತು. ಬೀಜದ ಊರಿನ ಹೆಸರನ್ನು ಯಾರೂ ಇಡಲಿಲ್ಲವೆಂಬುದು ನನಗೊಂದು ಸಣ್ಣ ಕೊರಗು. ಲೋಕದ ಹರಳಿನ ಬಹುಪಾಲು ಇಂದು ಭಾರತದ್ದು, ಅದರಲ್ಲಿಯೂ ಗುಜರಾತಿನದು.

ನೈಲಾನ್ 11ರ ಕರಗುವ ಬಿಂದು 190 ಡಿಗ್ರಿಯ ಆಸುಪಾಸು. ಹಳೆಯ ನೈಲಾನಿನ 260ರ ಮುಂದೆ ಇದು ಅಲ್ಪವೇ ಸರಿ. ಆದರೆ ಹಳೆಯದು ಗಾಳಿಯ ತೇವವನ್ನು ಹೀರಿ ಉಬ್ಬಿ ಅಳತೆ ಕೆಡುವಲ್ಲಿ, ದೀರ್ಘವಾದ ಇಂಗಾಲದ ಸರಪಣಿಯುಳ್ಳ ಇದು ನೀರನ್ನು ಬಹಳ ಮಟ್ಟಿಗೆ ದೂರವಿರಿಸುತ್ತದೆ. ಚಳಿಯಲ್ಲಿ ಬಿರಿಯದು, ಎಣ್ಣೆಗೂ ಇಂಧನಕ್ಕೂ ಅಳುಕದು. ಲೋಹಕ್ಕೆ ಪುಡಿಯಾಗಿ ಬಳಿದರೆ ತುಕ್ಕನ್ನು ತಡೆಯುತ್ತದೆ. ಕೊಳವೆಯಾಗಿ ಎಳೆದರೆ ಭಾರೀ ಲಾರಿಯ ಬ್ರೇಕಿಗೆ ಒತ್ತಿದ ಗಾಳಿಯನ್ನು ಒಯ್ಯುತ್ತದೆ, ಬೆರಳಿಗಿಂತ ಸಣ್ಣದಾಗಿ, ಬಾಗಿದೆಡೆ ಬಾಗಿ, ಆ ಹಳೆಯ ಬಿದಿರುಕೊಳವೆಯಂತೆಯೇ ಗಾಡಿಯ ಅಡಿಯಲ್ಲಿ, ಧೂಳು ಮೆತ್ತಿಕೊಂಡು.