ಕಾಲೇಜು ಬಂತು, ಹುಡುಗರು ಹೋದರು

ಕಲಬುರಗಿ, ರಾಯಚೂರು, ಬೀದರ್ ಕಡೆಯ ಹುಡುಗರು ಓದಿಗಾಗಿ ಊರು ಬಿಡುವುದು ಹೊಸದೇನಲ್ಲ. ನಿಜಾಮರ ಕಾಲದಲ್ಲಿ ಈ ಮೂರೂ ಜಿಲ್ಲೆಗಳಿಗೆ ರಾಜಧಾನಿ ಹೈದರಾಬಾದ್. 1918ರಲ್ಲಿ ಅಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಶುರುವಾಯಿತು, ಪಾಠವೆಲ್ಲ ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡ ಮಾತಾಡುವ ಹುಡುಗ ಪದವಿ ಪಡೆಯಬೇಕೆಂದರೆ ಊರನ್ನೂ ಬಿಡಬೇಕು, ಓದಿನಲ್ಲಿ ತನ್ನ ಭಾಷೆಯನ್ನೂ ಬಿಡಬೇಕು. ಅಷ್ಟು ಖರ್ಚು ತಡೆದುಕೊಳ್ಳುವ ಮನೆಗಳು ಎಷ್ಟಿದ್ದಾವು?

1956ರಲ್ಲಿ ಈ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಎರಡೇ ವರ್ಷಕ್ಕೆ, 1958ರಲ್ಲಿ, ಮಹಾದೇವಪ್ಪ ರಾಂಪೂರೆ ಅವರ ಮುಂದಾಳತ್ವದಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಹುಟ್ಟಿತು. ಅದೇ ವರ್ಷ ಎಂಜಿನಿಯರಿಂಗ್ ಕಾಲೇಜು, 1963ರಲ್ಲಿ ವೈದ್ಯಕೀಯ ಕಾಲೇಜು ಬಂದವು. ಗುಲ್ಬರ್ಗಾ ವಿಶ್ವವಿದ್ಯಾಲಯಕ್ಕೆ ಮಾತ್ರ 1980ರವರೆಗೆ ಕಾಯಬೇಕಾಯಿತು.

ಇಷ್ಟಾದ ಮೇಲೆ ಹಿಂದುಳಿದಿರುವಿಕೆ ಕಡಿಮೆಯಾಗಬೇಕಿತ್ತು. ಆದರೆ 2002ರ ನಂಜುಂಡಪ್ಪ ಸಮಿತಿ ವರದಿ ಗುರುತಿಸಿದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ಗುಲ್ಬರ್ಗಾ ವಿಭಾಗದವೇ ಆಗಿದ್ದವು.

ಇದಕ್ಕೆ ನೀರಾವರಿ, ಭೂಮಿ, ಆಡಳಿತದಂಥ ಹಲವು ಕಾರಣಗಳಿವೆ. ನಾವು ಕಡಿಮೆ ಮಾತಾಡುವ ಕಾರಣವೊಂದಿದೆ. ಕಾಲೇಜು ಬಂತು, ಕಲಿತವರಿಗೆ ಕೆಲಸ ಬರಲಿಲ್ಲ. ಮೊದಲು ಓದಲು ಹೋಗುತ್ತಿದ್ದವರು ಈಗ ಓದಿ ಹೋಗುತ್ತಾರೆ. ತೊಗರಿ ಮಾರಿದ ದುಡ್ಡು ಮಗಳ ಫೀಸಿಗೆ, ಆಮೇಲೆ ಬೆಂಗಳೂರಿನ ಕೋಣೆ ಬಾಡಿಗೆಗೆ ಹೋಗುತ್ತದೆ. ಅವಳು ಸಂಬಳ ಖರ್ಚು ಮಾಡುವುದು ಅಲ್ಲಿ, ಮುಂದೊಂದು ದಿನ ಕಂಪನಿ ಕಟ್ಟಿದರೆ ಅದೂ ಅಲ್ಲೇ. ಊರಿಗೆ ಬರುವುದು ತಿಂಗಳಿಗೊಮ್ಮೆ ಕಳಿಸುವ ಹಣ. ಅದರಿಂದ ಒಂದು ಮನೆ ಎದ್ದು ನಿಲ್ಲುತ್ತದೆ, ತಾಲ್ಲೂಕು ಎದ್ದು ನಿಲ್ಲುವುದಿಲ್ಲ. ಹೋದವಳ ತಪ್ಪು ಇದರಲ್ಲಿ ಏನೂ ಇಲ್ಲ.

ಸಂವಿಧಾನದ 371ಜೆ ವಿಧಿಯಡಿ 2013ರಿಂದ ಈ ಭಾಗದ ಕಾಲೇಜುಗಳಲ್ಲಿ ಸ್ಥಳೀಯರಿಗೆ ಶೇ. 70 ಸೀಟು, ರಾಜ್ಯದ ಉಳಿದೆಡೆ ಶೇ. 8 ಸೀಟು ಮೀಸಲಾಗಿವೆ. ಇದು ದೊಡ್ಡ ಗಳಿಕೆ. ಆದರೆ ಉದ್ಯೋಗದ ಮೀಸಲಾತಿ ಸರ್ಕಾರಿ ಹುದ್ದೆಗಳಿಗೆ ಸೀಮಿತ. ಪ್ರತಿವರ್ಷ ಪದವಿ ಮುಗಿಸುವವರಿಗೆಲ್ಲ ಅಷ್ಟೇ ಸಾಲದು.

ಹೈದರಾಬಾದಿನ ದಾರಿ ಬೆಂಗಳೂರಿನ ದಾರಿಯಾಯಿತು, ಅಷ್ಟೇ. ಇನ್ನು ಮುಂದೆ ಹೊಸ ಕಾಲೇಜಿನ ಸುದ್ದಿ ಬರೆಯುವಾಗ ಸೀಟುಗಳ ಲೆಕ್ಕದ ಜೊತೆಗೆ ಇನ್ನೊಂದು ಲೆಕ್ಕವನ್ನೂ ಕೇಳೋಣ: ಇಲ್ಲಿ ಓದಿದವರಲ್ಲಿ ಎಷ್ಟು ಜನರಿಗೆ ಇದೇ ಜಿಲ್ಲೆಯಲ್ಲಿ ಕೆಲಸ ಸಿಕ್ಕಿತು?