ಗೇಟಿನ ಸೂಚನಾ ಫಲಕ: ಬದಲಾವಣೆಯನ್ನು ಮುಂಚಿತವಾಗಿ ತಿಳಿಸುವ ನಿಯಮದ ಹಿನ್ನೆಲೆ

ಕೂಲಿ, ಪಾಳಿ ಅಥವಾ ಕೆಲಸದ ಹೊರೆಯಲ್ಲಿ ಆಗಲಿರುವ ಬದಲಾವಣೆಯನ್ನು ಕಾರ್ಮಿಕನಿಗೆ ಮುಂಚಿತವಾಗಿ ತಿಳಿಸಬೇಕೆಂಬ ನಿಯಮವು ಭಾರತದಲ್ಲಿ ಮುಷ್ಕರಗಳ ಕಹಿ ಅನುಭವದಿಂದ ರೂಪುಗೊಂಡಿತು. ಮುಂಬಯಿಯ ಹತ್ತಿ ಗಿರಣಿಗಳಲ್ಲಿ ಮಾಲೀಕನ ಮಾತು ಬಹುಮಟ್ಟಿಗೆ ಜಾಬರನ ಮೂಲಕ, ಅಂದರೆ ಆಳುಗಳನ್ನು ಕರೆತಂದು ಕೆಲಸ ಹಚ್ಚುತ್ತಿದ್ದ ಮೇಸ್ತ್ರಿಯ ಮೂಲಕ, ಕಾರ್ಮಿಕನನ್ನು ತಲುಪುತ್ತಿತ್ತು. ಆದುದರಿಂದ ಯಾವುದು ಗಿರಣಿಯ ನಿಯಮ, ಯಾವುದು ಜಾಬರನ ಇಚ್ಛೆ ಎಂದು ಬೇರ್ಪಡಿಸಿ ನೋಡುವುದು ಕಾರ್ಮಿಕನಿಗೆ ಸುಲಭವಿರಲಿಲ್ಲ.

ಎರಡು ಮಗ್ಗಗಳನ್ನು ನೋಡಿಕೊಳ್ಳುತ್ತಿದ್ದ ನೇಕಾರನು ಇನ್ನು ಮುಂದೆ ಮೂರು ಮಗ್ಗಗಳನ್ನು ನೋಡಿಕೊಳ್ಳಬೇಕೆಂಬಂಥ ದಕ್ಷತಾ ಯೋಜನೆಗಳು ಬಂದಾಗ ಕೆಲಸ ಕಳೆದುಕೊಳ್ಳುವ ಭಯ ಹಬ್ಬಿ, 1928ರಲ್ಲಿ ಮುಂಬಯಿಯ ಗಿರಣಿಗಳು ಸುಮಾರು ಆರು ತಿಂಗಳು ಸ್ತಬ್ಧವಾದವು. ಮೈಸೂರು ಸಂಸ್ಥಾನದ ಕೋಲಾರ ಚಿನ್ನದ ಗಣಿಗಳಲ್ಲಿಯೂ 1930ರಲ್ಲಿ ಕಾರ್ಮಿಕರ ಬೆರಳಚ್ಚು ಪಡೆದು ನೋಂದಾಯಿಸುವ ಹೊಸ ಪದ್ಧತಿಯನ್ನು ವಿರೋಧಿಸಿ ಮುಷ್ಕರ ನಡೆಯಿತು.

ಇಂತಹ ಸಂಘರ್ಷಗಳ ತರುವಾಯ ಬಂದ 1938ರ ಮುಂಬಯಿ ಕೈಗಾರಿಕಾ ವಿವಾದ ಕಾಯ್ದೆಯು ಸೇವಾ ನಿಯಮಗಳನ್ನು ಬರಹಕ್ಕಿಳಿಸುವುದನ್ನೂ ಅವುಗಳನ್ನು ಬದಲಿಸುವ ಮುನ್ನ ನೋಟಿಸು ಕೊಡುವುದನ್ನೂ ಕಡ್ಡಾಯಗೊಳಿಸಿತು. 1946ರ ಕೇಂದ್ರ ಕಾಯ್ದೆಯು ನೂರು ಅಥವಾ ಹೆಚ್ಚು ಕಾರ್ಮಿಕರಿದ್ದ ಸಂಸ್ಥೆಗಳಿಗೆ ಸ್ಥಾಯಿ ಆದೇಶಗಳನ್ನು, ಎಂದರೆ ಸರ್ಕಾರಿ ಅಧಿಕಾರಿಯಿಂದ ಪ್ರಮಾಣೀಕೃತವಾದ ಲಿಖಿತ ಸೇವಾ ನಿಯಮಗಳನ್ನು, ವಿಧಿಸಿತಲ್ಲದೆ, ಅವುಗಳನ್ನು ಇಂಗ್ಲಿಷಿನಲ್ಲಿಯೂ ಬಹುಪಾಲು ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲಿಯೂ ಬಾಗಿಲ ಬಳಿಯ ಫಲಕದಲ್ಲಿ ಪ್ರಕಟಿಸಬೇಕೆಂದು ಹೇಳಿತು.

1947ರ ಕೈಗಾರಿಕಾ ವಿವಾದ ಕಾಯ್ದೆಗೆ 1956ರ ತಿದ್ದುಪಡಿಯಿಂದ ಸೇರಿದ 9ಎ ಕಲಮು ಇದನ್ನು ಇನ್ನೊಂದು ಹೆಜ್ಜೆ ಮುಂದೊಯ್ದಿತು. ಕೂಲಿ, ಕೆಲಸದ ವೇಳೆ, ರಜೆ, ಪಾಳಿ ಹಾಗೂ ಕೆಲಸಗಾರರನ್ನು ಕಡಿಮೆ ಮಾಡಬಹುದಾದ ಯಂತ್ರಸುಧಾರಣೆ ಮುಂತಾದ ವಿಷಯಗಳಲ್ಲಿ, ನೋಟಿಸು ನೀಡಿ 21 ದಿನಗಳು ಕಳೆಯುವವರೆಗೆ ಮಾಲೀಕನು ಏಕಪಕ್ಷೀಯವಾಗಿ ಬದಲಾವಣೆ ತರುವಂತಿರಲಿಲ್ಲ. ಈ ಕಲಮು ಕಾರ್ಮಿಕನ ಒಪ್ಪಿಗೆಯನ್ನು ಕೇಳುತ್ತಿರಲಿಲ್ಲವಾದರೂ ಸಂಘದಲ್ಲಿ ಚರ್ಚಿಸಿ, ವಿವಾದವನ್ನು ಎತ್ತಿ, ಸಂಧಾನಾಧಿಕಾರಿಯ ಮುಂದೆ ಮಾತಾಡಲು ಅವನಿಗೆ ಕಾಲಾವಕಾಶವನ್ನು ಕೊಡುತ್ತಿತ್ತು. ಮಾತುಕತೆಗೆ ದೊರೆಯುವ ಈ ಕಾಲಾವಕಾಶವೇ ನಿಯಮದ ನಿಜವಾದ ಬೆಲೆ. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೂ 21 ದಿನಗಳ ಈ ಅವಧಿಯನ್ನು ಉಳಿಸಿಕೊಂಡಿದೆ.

1946ರ ಕಾಯ್ದೆ ಹೇಳಿದ ಬಹುಪಾಲು ಕಾರ್ಮಿಕರ ಭಾಷೆ ಎಂಬ ಮಾತು ಮಾತ್ರ ಇಂದಿಗೂ ಯೋಚಿಸಬೇಕಾದದ್ದು. ತಮಿಳು, ತೆಲುಗು ಆಡುವವರು ಒಟ್ಟಿಗೆ ದುಡಿದ ಕೋಲಾರದ ಗಣಿಗಳಂತೆ, ದೂರದ ರಾಜ್ಯಗಳಿಂದ ಬಂದವರು ದುಡಿಯುವ ಇಂದಿನ ಬೆಂಗಳೂರಿನ ಕಾರ್ಖಾನೆಗಳಲ್ಲಿಯೂ ಆ ಬಹುಪಾಲಿನ ಹೊರಗೆ ಉಳಿಯುವವರು ಇದ್ದೇ ಇರುತ್ತಾರೆ. ಫಲಕದ ಮೇಲಿನ ಅಕ್ಷರಗಳನ್ನು ಓದಲಾಗದವನಿಗೆ ಸುದ್ದಿ ತಲುಪಿಸುವವನು ಮತ್ತೆ ಹಳೆಯ ಮೇಸ್ತ್ರಿಯೇ ಆಗುತ್ತಾನೆ.